ಜ್ವರದ ಸಾಲಿನ ಈಚೆ ಕೂತವರು

ಆಷಾಢ ಬಂತೆಂದರೆ ರಾಯದುರ್ಗದ ಕಡೆ ಗಾಳಿ ಜೋರು. ಧೂಳು ಒಳಗೆ ನುಗ್ಗುತ್ತದೆಂದು ಮನೆ, ಅಂಗಡಿಗಳ ಜೊತೆಗೆ ಆಸ್ಪತ್ರೆಯ ಕಿಟಕಿಗಳನ್ನೂ ಮುಚ್ಚುವುದುಂಟು. ನಮ್ಮ ದೇಶದಲ್ಲಿ ಫ್ಲೂ ಹೆಚ್ಚುವುದು ವರ್ಷಕ್ಕೆ ಎರಡು ಸಲ: ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ಕೆಮ್ಮುವವರ ಸಾಲು ಬೆಳೆಯುವ ತಿಂಗಳಲ್ಲೇ ಒಳಗಿನ ಗಾಳಿಗೆ ಹೊರದಾರಿ ಇಲ್ಲದಂತಾಗುತ್ತದೆ. ಆ ಗಾಳಿಯನ್ನು ರೋಗಿ ಉಸಿರಾಡುವುದು ಸ್ವಲ್ಪ ಹೊತ್ತು. ಚೀಟಿ ಬರೆಯುವವರು, ಬಿ.ಪಿ. ನೋಡುವ ಸಿಸ್ಟರ್, ನೆಲ ಒರೆಸುವ ಆಯಾ ಉಸಿರಾಡುವುದು ದಿನವಿಡೀ.

ಫ್ಲೂ ವೈರಸ್ಸು ಕೆಮ್ಮು, ಸೀನು, ಮಾತಿನ ಹನಿಗಳಲ್ಲಿ ಹೊರಬೀಳುತ್ತದೆ. ದೊಡ್ಡ ಹನಿಗಳು ಹತ್ತಿರದಲ್ಲೇ ಬೀಳುತ್ತವೆ, ಸಣ್ಣವು ಮುಚ್ಚಿದ ಕೋಣೆಯಲ್ಲಿ ತೇಲುತ್ತಾ ಉಳಿಯುತ್ತವೆ. ಸ್ಟೀಲು, ಪ್ಲಾಸ್ಟಿಕ್ಕಿನ ಮೇಲೆ ವೈರಸ್ಸು ಒಂದೆರಡು ದಿನ ಬದುಕಬಲ್ಲದು. ಅಲ್ಲಿಂದ ಕೈಗೆ, ಕೈಯಿಂದ ಕಣ್ಣು-ಮೂಗಿಗೆ ದಾಟುತ್ತದೆ. ತಗುಲಿದ ಒಂದರಿಂದ ನಾಲ್ಕು ದಿನದೊಳಗೆ ಜ್ವರ ಕಾಣುತ್ತದೆ. ಆದರೆ ಜ್ವರ ಕಾಣುವ ಹಿಂದಿನ ದಿನವೇ ಆ ಮನುಷ್ಯನಿಂದ ಬೇರೆಯವರಿಗೆ ಹರಡಲು ಶುರುವಾಗಿರುತ್ತದೆ. ಆದ್ದರಿಂದ ಆರಾಮಾಗಿ ಕಾಣುವ ಸಿಸ್ಟರ್ ಒಬ್ಬರು ತಮಗೇ ಗೊತ್ತಿಲ್ಲದೆ ಬಾಣಂತಿಗೋ ಡಯಾಲಿಸಿಸ್ ರೋಗಿಗೋ ಫ್ಲೂ ದಾಟಿಸಿಬಿಡಬಹುದು. ಸಿಬ್ಬಂದಿಯನ್ನು ಕಾಯುವುದೂ ರೋಗಿಯನ್ನು ಕಾಯುವುದೂ ಒಂದೇ ಕೆಲಸ ಎನ್ನುವುದು ಇದಕ್ಕೆ.

ಗಡಿನಾಡಿನಲ್ಲಿ ಇನ್ನೊಂದು ಮಾತಿದೆ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆಂಧ್ರಕ್ಕೆ ಸೇರಿ ಜಿಲ್ಲೆ ಬದಲಾದರೂ ಜಡ್ಡು ಜೋರಾದಾಗ ಬಳ್ಳಾರಿಯ ದಾರಿ ಹಿಡಿಯುವವರು ಇಂದಿಗೂ ಇದ್ದಾರೆ. ಕಲ್ಯಾಣದುರ್ಗಕ್ಕೂ ಅನಂತಪುರಕ್ಕೂ ಹೋಗುವವರಿದ್ದಾರೆ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರಾದವರಿಗೆ ಹಿಂದೂಪುರ ಹತ್ತಿರ, ಬೆಂಗಳೂರೂ ದೂರವಲ್ಲ. ಹೀಗೆ ಒಬ್ಬ ರೋಗಿ ಊರಿನ ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, 108 ವಾಹನ, ಕೊನೆಗೆ ದೊಡ್ಡಾಸ್ಪತ್ರೆಯ ವಾರ್ಡು ದಾಟುವಷ್ಟರಲ್ಲಿ ಎಷ್ಟೋ ಜನ ಸಿಬ್ಬಂದಿಯ ಮುಂದೆ ಕೆಮ್ಮಿರುತ್ತಾನೆ. ಕಳಿಸುವ ಮುಂಚೆ ‘ಫ್ಲೂ ಅನುಮಾನ ಇದೆ’ ಎಂದು ಒಂದು ಫೋನು ಮಾಡಿ, ರೆಫರಲ್ ಚೀಟಿಯ ಮೇಲ್ಭಾಗದಲ್ಲೇ ಬರೆದರೆ ಮುಂದಿನವರು ಮಾಸ್ಕ್ ಹಾಕಿಕೊಂಡೇ ಎದುರುಗೊಳ್ಳುತ್ತಾರೆ. ಆಂಬುಲೆನ್ಸಿನಲ್ಲಿ ಕಿಟಕಿ ತೆರೆದು, ಚಾಲಕನಿಗೂ ರೋಗಿಗೂ ನಡುವಿನ ತೆರೆಯನ್ನು ಮುಚ್ಚಿಡಬೇಕು.

ರಕ್ಷಣೆ ಶುರುವಾಗಬೇಕಾದ ಜಾಗ ಬಾಗಿಲು. ಚೀಟಿ ಕೌಂಟರಿಗೆ ಬರುವ ಮೊದಲೇ ಒಬ್ಬರು ಕನ್ನಡದಲ್ಲೂ ತೆಲುಗಿನಲ್ಲೂ ‘ಜ್ವರ, ಕೆಮ್ಮು ಇದೆಯಾ?’ ಎಂದು ಕೇಳಿ, ಇದ್ದವರಿಗೆ ಅಲ್ಲೇ ಮಾಸ್ಕ್ ಕೊಟ್ಟು, ವರಾಂಡದಲ್ಲೋ ಮರದ ನೆರಳಲ್ಲೋ ಬೇರೆ ಬೆಂಚಿನಲ್ಲಿ ಕನಿಷ್ಠ ಒಂದು ಮೀಟರ್ ಅಂತರದಲ್ಲಿ ಕೂರಿಸಬೇಕು. ಕೆಮ್ಮುವವರ ಬಾಯಿಗೆ ಹಾಕಿದ ಒಂದು ಮಾಸ್ಕ್ ಒಳಗಿನವರೆಲ್ಲರ ಪಾಲಿನ ಹನಿಗಳನ್ನು ಹುಟ್ಟುವಲ್ಲೇ ತಡೆಯುತ್ತದೆ. ಇದಕ್ಕೆ ಬೇಕಿರುವುದು ಒಂದು ಬೆಂಚು, ಒಬ್ಬ ಮನುಷ್ಯ.

ಆಮೇಲೆ ಗಾಳಿ. ಕಣದಲ್ಲಿ ಶೇಂಗಾ ತೂರುವವರು ಗಾಳಿಯ ದಿಕ್ಕು ನೋಡಿಯೇ ನಿಲ್ಲುತ್ತಾರಲ್ಲ, ಡಾಕ್ಟರ ಮೇಜನ್ನೂ ಹಾಗೇ ಇಡಬೇಕು: ಗಾಳಿ ಮೊದಲು ಡಾಕ್ಟರ ಕಡೆಯಿಂದ ಹಾದು, ರೋಗಿಯನ್ನು ದಾಟಿ, ಎದುರಿನ ಕಿಟಕಿಯಿಂದ ಹೊರಗೆ ಹೋಗಬೇಕು. ನಮ್ಮ ಆಷಾಢದ ಗಾಳಿಯನ್ನು ಹೀಗೆ ಬಳಸಿಕೊಂಡರೆ ಯಾವ ಯಂತ್ರದ ಖರ್ಚೂ ಇಲ್ಲ. ಧೂಳಿಗೆ ಕಿಟಕಿಗೊಂದು ಜಾಲರಿ ಹಾಕಿದರಾಯಿತು. ರೋಗಿಗಳಿರುವ ಕೋಣೆಗೆ ಒಬ್ಬರಿಗೆ ಸೆಕೆಂಡಿಗೆ 60 ಲೀಟರ್ ಹೊಸ ಗಾಳಿ ಬರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಸೀಲಿಂಗ್ ಫ್ಯಾನು ಹೊಸ ಗಾಳಿ ತರುವುದಿಲ್ಲ, ಇದ್ದದ್ದನ್ನೇ ಕಲಕುತ್ತದೆ. ಸ್ಪ್ಲಿಟ್ ಎ.ಸಿ.ಯೂ ಅಷ್ಟೇ, ಅದೇ ಗಾಳಿಯನ್ನು ತಂಪು ಮಾಡಿ ಮರಳಿ ಬಿಡುತ್ತದೆ. ಕಿಟಕಿಯೇ ಇಲ್ಲದ ಕೋಣೆಗೆ ಎಕ್ಸಾಸ್ಟ್ ಫ್ಯಾನು ಬೇಕೇ ಬೇಕು. ದಮ್ಮಿನವರಿಗೆ ನೆಬ್ಯುಲೈಸರ್ ಹಚ್ಚುವ ಮೂಲೆಯನ್ನು ನರ್ಸುಗಳ ಮೇಜಿನಿಂದ ದೂರ, ಕಿಟಕಿ ಬಳಿಗೆ ಸರಿಸಬೇಕು. ಆಗುವವರಿಗೆ ಇನ್ಹೇಲರನ್ನು ಸ್ಪೇಸರ್ ಮೂಲಕ ಕೊಡುವುದು ಇನ್ನೂ ಮೇಲು.

ಲಸಿಕೆಯ ವಿಷಯಕ್ಕೆ ಬಂದರೆ ಹಿಂಜರಿಕೆ ಬಹಳ. 2009ರಲ್ಲಿ ‘ಹಂದಿಜ್ವರ’ ಎಂದು ಬಂದ ಎಚ್1ಎನ್1 ಈಗ ಪ್ರತಿವರ್ಷ ಸುತ್ತುವ ಮಾಮೂಲಿ ಫ್ಲೂಗಳಲ್ಲೊಂದು. 2015ರ ಅಲೆಯಲ್ಲಿ ದೇಶದಲ್ಲಿ 42,000ಕ್ಕೂ ಹೆಚ್ಚು ಮಂದಿಗೆ ತಗುಲಿ, ಸುಮಾರು 3,000 ಜನ ತೀರಿಕೊಂಡರು. ಆರೋಗ್ಯ ಸಿಬ್ಬಂದಿ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ಶಿಫಾರಸು ಮಾಡುತ್ತದೆ. ಪ್ರತಿವರ್ಷ ಯಾಕೆಂದರೆ ವೈರಸ್ಸು ರೂಪ ಬದಲಿಸುತ್ತಲೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ ಯಾವ ತಳಿಗಳನ್ನು ಸೇರಿಸಬೇಕೆಂದು ಹೊಸದಾಗಿ ಹೇಳುತ್ತದೆ. ಮೈಯಲ್ಲಿ ಶಕ್ತಿ ಹುಟ್ಟಲು ಎರಡು ವಾರ ಬೇಕು. ಆದ್ದರಿಂದ ನಮ್ಮ ಕಡೆ ಏಪ್ರಿಲ್-ಮೇ ಒಳ್ಳೆಯ ಕಾಲ. ‘ಲಸಿಕೆಯಿಂದಲೇ ಜ್ವರ ಬಂತು’ ಎನ್ನುವವರಿಗೆ ಬಿಡಿಸಿ ಹೇಳಬೇಕು: ಚುಚ್ಚುವ ಲಸಿಕೆಯಲ್ಲಿ ಜೀವಂತ ವೈರಸ್ಸಿಲ್ಲ, ತೋಳುನೋವು, ಮೈಬಿಸಿ ಒಂದೆರಡು ದಿನ ಇರಬಹುದು. ಲಸಿಕೆ ಹಾಕಿಸಿಕೊಂಡವರಿಗೆ ಫ್ಲೂ ಬರುವುದೇ ಇಲ್ಲವೆಂದೂ ಅಲ್ಲ. ಬಂದರೂ ಪ್ರಾಣಕ್ಕೆ ಬರುವ ಸಂಭವ ಕಡಿಮೆ. ಗರ್ಭಿಣಿ ಸಿಸ್ಟರುಗಳಿಗೆ ಇದು ಎಲ್ಲರಿಗಿಂತ ಹೆಚ್ಚು ಅಗತ್ಯ. ಪಟ್ಟಿ ಮಾಡುವಾಗ ಡಾಕ್ಟರು, ನರ್ಸುಗಳ ಹೆಸರು ಬರೆದು ನಿಲ್ಲಿಸಬಾರದು. ಆಯಾ, ಲ್ಯಾಬಿನವರು, ವಾಚ್‌ಮನ್, 108ರ ಚಾಲಕ, ಆಶಾ, ಎಎನ್‌ಎಂ ಎಲ್ಲರೂ ಅದೇ ಗಾಳಿ ಉಸಿರಾಡುವವರು.

ಮಾಸ್ಕ್ ಇವೆಲ್ಲದರ ಜೊತೆಗೆ. ದಿನನಿತ್ಯದ ಓ.ಪಿ.ಗೆ ಮೂರು ಪದರದ ಸರ್ಜಿಕಲ್ ಮಾಸ್ಕ್ ನಡೆಯುತ್ತದೆ. ಅಮೆರಿಕದ ಹೊರರೋಗಿ ವಿಭಾಗಗಳ ಸಿಬ್ಬಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಫ್ಲೂ ತಡೆಯುವುದರಲ್ಲಿ ಎನ್95ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಫ ಹೀರುವಾಗ, ಗಂಟಲಿಗೆ ನಳಿಕೆ ಹಾಕುವಾಗ ಮಾತ್ರ ಎನ್95 ತಪ್ಪಿಸಬಾರದು. ಅದು ಮುಖಕ್ಕೆ ಬಿಗಿಯಾಗಿ ಕೂರಬೇಕು, ಗಡ್ಡ ಇದ್ದರೆ ಕೂರದು. ಒದ್ದೆಯಾದ ಮಾಸ್ಕ್ ಬದಲಿಸಬೇಕು, ಗದ್ದಕ್ಕೆ ಇಳಿಸಿ ಮತ್ತೆ ಏರಿಸಬಾರದು. ಕೈಗೆ ಸೋಪು-ನೀರಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು. ಬೇಸಿಗೆಯಲ್ಲಿ ನಲ್ಲಿ ಒಣಗುವ ಈ ಸೀಮೆಯಲ್ಲಿ ಪ್ರತಿ ಹಾಸಿಗೆಯ ಬಳಿಯೂ ಸ್ಯಾನಿಟೈಸರ್ ಬಾಟಲಿ ಇರಲೇಬೇಕು.

ಇಷ್ಟಾದರೂ ಸಿಬ್ಬಂದಿಗೆ ಜ್ವರ ಬರಬಹುದು. ಬಂದ ದಿನವೇ ಕೆಲಸ ಬಿಟ್ಟು ಮನೆಗೆ ಹೋಗಬೇಕು. ಜ್ವರದ ಮಾತ್ರೆ ನುಂಗದೆಯೂ 24 ತಾಸು ಜ್ವರ ಬಾರದಿದ್ದ ಮೇಲೆಯೇ ಮರಳಬೇಕು. ಗರ್ಭಿಣಿಯರು, ಸಕ್ಕರೆ ಕಾಯಿಲೆ, ದಮ್ಮು ಇರುವವರು ಡಾಕ್ಟರಿಗೆ ತೋರಿಸಿ, ಅವರು ಬರೆದರೆ ಫ್ಲೂ ಔಷಧ ಒಸೆಲ್ಟಾಮಿವಿರ್ ಶುರು ಮಾಡಬೇಕು. ಮೊದಲ 48 ತಾಸಿನೊಳಗೆ ಕೊಟ್ಟರೆ ಅದರ ಗುಣ ಹೆಚ್ಚು. ದೊಡ್ಡವರಿಗೆ 75 ಮಿಲಿಗ್ರಾಂ, ದಿನಕ್ಕೆರಡು ಸಲ, ಐದು ದಿನ. ಆದರೆ ಮನೆಗೆ ಹೋಗು ಎನ್ನುವ ಮಾತು ಕಾಯಂ ನೌಕರರಿಗೆ ಸುಲಭ, ಹೊರಗುತ್ತಿಗೆಯವರಿಗೆ ಕಷ್ಟ. ಬಾರದ ದಿನದ ಸಂಬಳ ಹೋಗುತ್ತದೆಂಬ ಭಯದಲ್ಲಿ ಪ್ಯಾರಸಿಟಮಾಲ್ ನುಂಗಿ ವಾರ್ಡಿಗೆ ಬರುವ ಆಯಾಳನ್ನು ಬೈದು ಪ್ರಯೋಜನವಿಲ್ಲ. ಜ್ವರದ ರಜೆಗೆ ಸಂಬಳ ಕಡಿಯುವುದಿಲ್ಲ ಎಂದು ಗುತ್ತಿಗೆಯ ಕರಾರಿನಲ್ಲೇ ಬರೆಸಿ, ಅವಳ ಬದಲಿಗೆ ಯಾರು ಬರಬೇಕೆಂಬ ಹೆಸರನ್ನು ಡ್ಯೂಟಿ ಪಟ್ಟಿಯಲ್ಲಿ ಮೊದಲೇ ಹಾಕಿಡಬೇಕು. ಮಳೆಗಾಲ ಶುರುವಾಗುವ ಮುಂಚೆಯೇ ಆ ಪಟ್ಟಿ ಗೋಡೆಯ ಮೇಲಿರಬೇಕು.