ಅಕ್ಕೋರ ಹಾಜರಿ ಪುಸ್ತಕದ ಕೌದಿಗಳು

ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ ಕೌದಿಗಳಿಗೂ ಹಾಜರಿ ಪುಸ್ತಕವಿದೆ. ಶಾಲೆಯಲ್ಲಿ ಮಕ್ಕಳ ಹೆಸರು ಕೂಗುವಾಗ ಮೇಜಿನ ಮೇಲೆ ಬಿಚ್ಚಿಡುತ್ತಿದ್ದಂಥದೇ ರಟ್ಟಿನ ಪುಸ್ತಕ. ಪುಟಕ್ಕೊಂದು ಕೌದಿ. ಕೌದಿಯಲ್ಲಿ ಎಷ್ಟು ತುಂಡುಗಳಿವೆಯೋ ಪುಟದಲ್ಲಿ ಅಷ್ಟು ಮನೆ ಗೀಚಲಾಗಿದೆ. ಒಂದೊಂದು ಮನೆಯಲ್ಲೂ ಬಾಲ್‌ಪೆನ್ನಿನ ಸಣ್ಣ, ದುಂಡನೆಯ ಅಕ್ಷರ. 'ದೊಡ್ಡವ್ವ, ಹಳದಿ ಸೀರಿ, ದಡಿ ಹತ್ತಿರದ್ದು.' 'ಸಣ್ಣಾಕಿ ಲಂಗ, ಐದನೇ ಇಯತ್ತೆ.' 'ಇವರ ಧೋತರ.' 'ಹಾಲಿನಾಕಿ ಕೊಟ್ಟ ಕುಬಸದ ಖಣ.' ತುಂಡು ಹರಿದುಹೋದರೆ ಆ ಮನೆಯಲ್ಲಿ ಕೆಂಪು ಶಾಯಿಯಿಂದ 'ಗೈ' ಎಂಬ ಒಂದಕ್ಷರ. ಗೈರುಹಾಜರಿ. ಅದರ ಮೇಲೆ ಹಚ್ಚಿದ ಹೊಸ ತುಂಡು ಯಾರದು ಎಂಬುದು ಪಕ್ಕದಲ್ಲೇ, ತಾರೀಖಿನ ಸಮೇತ.

ಪುಸ್ತಕದ ಒಡತಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಎಪ್ಪತ್ತು ದಾಟಿದ್ದಾರೆ. ಓಣಿಯವರಿಗೆಲ್ಲ ಈಗಲೂ 'ಅಕ್ಕೋರು'. "ನನ್ನ ಹೆಸರು ಯಾಕ್ರಿ? ಕೌದಿ ಬಗ್ಗೆ ಬರೀರಿ" ಎಂದರು. ಹಾಗಾಗಿ ಇಲ್ಲಿಯೂ ಅವರು ಅಕ್ಕೋರೇ.

ಉತ್ತರ ಕರ್ನಾಟಕದಲ್ಲಿ ಹುಟ್ಟಿದವರಿಗೆ ಕೌದಿಯನ್ನು ಪರಿಚಯಿಸಬೇಕಿಲ್ಲ. ಉಳಿದವರಿಗೆ ಇಷ್ಟು ಹೇಳಬಹುದು: ಉಟ್ಟು ಹಳತಾದ ನೂಲಿನ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿ ಒಂದು ಮಾಡಿದ ಹೊದಿಕೆ. ಹಾಸಲೂ ಅದೇ, ಹೊದೆಯಲೂ ಅದೇ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ರಾಜಸ್ಥಾನ ಮತ್ತು ಸಿಂಧ್ ಕಡೆಯ ರಲ್ಲಿ, ಎಲ್ಲವೂ ಇದೇ ಕುಲದವು. ಕಾಂಥಾ ಕಸೂತಿಯ ಹೆಸರಿನಲ್ಲಿ ದೊಡ್ಡ ದೊಡ್ಡ ಮಳಿಗೆಗಳನ್ನು ಸೇರಿತು. ಕೌದಿ ಮಾತ್ರ ಮನೆಯ ಮೂಲೆಯಲ್ಲೇ ಉಳಿಯಿತು. ಬೀಗರು ಬಂದಾಗ ಒಳಗೆ ಎತ್ತಿಡಬೇಕಾದ ವಸ್ತು ಎಂದು ನಾಚಿದವರೂ ಇದ್ದಾರೆ. ಅದು ನನಗೆ ಇಂದಿಗೂ ನೋವಿನ ಸಂಗತಿ. ಇಳಕಲ್ ಸೀರೆಗೆ, ಗುಳೇದಗುಡ್ಡದ ಖಣಕ್ಕೆ, ಕಸೂತಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ಹಳತಾದ ಮೇಲೆ ಆ ಮೂರೂ ಬಂದು ಕೂಡುವುದು ಕೌದಿಯಲ್ಲಿ.

ಪುಸ್ತಕ ಶುರುವಾದದ್ದು ಒಂದು ತುಂಡಿನಿಂದ. ಅಕ್ಕೋರ ತಾಯಿ ಹೊಲಿದ ಕೌದಿ ಮನೆಯಲ್ಲಿದೆ. ಮಾಸಿ ಬೂದಿ ಬಣ್ಣಕ್ಕೆ ತಿರುಗಿದ ಅದರ ನಡುವೆ ಒಂದೇ ಒಂದು ಕೆಂಪು ತುಂಡು ಇನ್ನೂ ಬಣ್ಣ ಬಿಟ್ಟಿಲ್ಲ. ಮೊಮ್ಮಗ ಅದರ ಮೇಲೆ ಬೆರಳಿಟ್ಟು ಇದು ಯಾರದಜ್ಜಿ ಎಂದು ಕೇಳಿದ. "ನನಗ ಗೊತ್ತಿರಲಿಲ್ಲ. ಹೇಳವರೂ ಯಾರೂ ಉಳಿದಿಲ್ಲ. ಅವ್ವ ಇದ್ದಾಗ ಕೇಳಬೇಕಂತ ಹೊಳೀಲೇ ಇಲ್ಲ ನೋಡ್ರಿ." ಆ ರಾತ್ರಿಯೇ ಅಟ್ಟದ ಮೇಲಿದ್ದ, ಬರೆಯದೆ ಉಳಿದ ಹಾಜರಿ ಪುಸ್ತಕ ಕೆಳಗಿಳಿಯಿತು. ಮೊದಲ ಪುಟ ಅದೇ ಕೌದಿಗೆ ಮೀಸಲು. ನೆನಪಿಗೆ ಬಂದ ಮನೆಗಳೆಲ್ಲ ತುಂಬಿವೆ. ಆ ಕೆಂಪು ತುಂಡಿನ ಮನೆ ಖಾಲಿ ಇದೆ.

ನಾನು ಪುಟ ತಿರುವುತ್ತ ಹೋದೆ. ಒಂದು ಕೌದಿಯ ಮುಕ್ಕಾಲು ಪಾಲು ಗಂಡನ ಬಟ್ಟೆ. ಇನ್ನೊಂದರಲ್ಲಿ ಶಾಲೆಯ ಸಹೋದ್ಯೋಗಿಗಳೆಲ್ಲರ ಒಂದೊಂದು ತುಂಡು, ನಿವೃತ್ತಿಯ ದಿನ ಹಾರದ ಬದಲು ಕೇಳಿ ಪಡೆದದ್ದು. ಮತ್ತೊಂದು ಪುಟದಲ್ಲಿ ಎಲ್ಲ ಮನೆಗಳಲ್ಲೂ ಒಬ್ಬಳದೇ ಹೆಸರು: ಮಗಳ ತೊಟ್ಟಿಲ ಬಟ್ಟೆಯಿಂದ ಕಾಲೇಜಿನ ದುಪಟ್ಟಾದವರೆಗೆ, ಎಡದಿಂದ ಬಲಕ್ಕೆ, ವಯಸ್ಸಿನ ಕ್ರಮದಲ್ಲಿ. ಆ ಕೌದಿ ಮದುವೆಯ ಪೆಟ್ಟಿಗೆಯಲ್ಲಿ ಮಗಳ ಜೊತೆ ಹೋಯಿತು. ಪುಟ ಇಲ್ಲಿ ಉಳಿಯಿತು. ಊರಿನ ಚರಿತ್ರೆಯನ್ನು ತಾಮ್ರಪಟದಲ್ಲಿ ಓದುವವರಿದ್ದಾರೆ. ಒಂದು ಓಣಿಯ ಹೆಣ್ಣುಮಕ್ಕಳ ಚರಿತ್ರೆ ಹೀಗೂ ಬರೆದಿಡಲು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಗಣಿತದವರಾದ್ದರಿಂದ ಅಕ್ಕೋರ ಬಾಯಲ್ಲಿ ಕೌದಿಯ ವಿಧಾನವೂ ಲೆಕ್ಕವಾಗಿಯೇ ಬರುತ್ತದೆ. ಹದಿನೆಂಟು ಮೊಳದ ಸೀರೆ ಎಂದರೆ 9 ಗಜ, 27 ಅಡಿ. ಅದನ್ನು ನಾಲ್ಕು ಮಡಿಕೆ ಮಾಡಿದರೆ ಒಂದೊಂದೂ ಆರೂಮುಕ್ಕಾಲು ಅಡಿ. ಆಳು ಉದ್ದ ಮಲಗಲು ಸಾಕು. ಸೀರೆಯ ಪನ್ನ ಸುಮಾರು 45 ಇಂಚು, ಒಬ್ಬರ ಮೈ ಮುಚ್ಚಲು ಸಾಕು. ಅಂದರೆ ಒಂದು ಸೀರೆ, ನಾಲ್ಕು ಪದರ, ಒಬ್ಬರ ಕೌದಿ. "ಯಾರೋ ಕೂತು ಲೆಕ್ಕಾ ಹಾಕಿ ಸೀರಿ ನೇಯ್ದಂಗ ಅದ" ಎನ್ನುತ್ತಾರೆ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು ಬಿಟ್ಟರೆ 60 ಸಾಲು. ಒಂದೊಂದು ಸಾಲು ಆರೂಮುಕ್ಕಾಲು ಅಡಿ. ಒಟ್ಟು 400 ಅಡಿಗೂ ಮಿಕ್ಕ ಹೊಲಿಗೆ. ಉದ್ದುದ್ದ ಹೊಲಿದರೂ ಸರಿ, ಅಂಚಿನಿಂದ ಸುತ್ತುತ್ತ ನಡುವಿಗೆ ಬಂದರೂ ಸರಿ, ಅಂತರ ಒಂದೇ ಇದ್ದರೆ ಹೊಲಿಗೆಯ ಉದ್ದ ಹೆಚ್ಚುಕಡಿಮೆ ಅಷ್ಟೇ. ಇದನ್ನು ಅವರು ಒಂಬತ್ತನೇ ತರಗತಿಗೆ ಕ್ಷೇತ್ರಫಲದ ಪಾಠ ಮಾಡುವಾಗ ನಿಜವಾದ ಕೌದಿಯನ್ನೇ ಒಯ್ದು ಹಾಸಿ ತೋರಿಸುತ್ತಿದ್ದರಂತೆ.

ಹಾಸುವ ಮೊದಲು ಬಟ್ಟೆ ಆರಿಸುವ ಕೆಲಸ. ಸೀರೆ ಎಲ್ಲ ಕಡೆ ಒಂದೇ ಸಮ ಹಳತಾಗುವುದಿಲ್ಲ. ಕಾಲಿಗೆ ತಾಗುವ ಅಂಚು ಮೊದಲು ಸವೆಯುತ್ತದೆ, ಒಳಗೆ ಸಿಕ್ಕಿಸುವ ಭಾಗ ಕೊನೆಯವರೆಗೂ ಗಟ್ಟಿ ಇರುತ್ತದೆ. ಸವೆದದ್ದು ಒಳಪದರಕ್ಕೆ, ಗಟ್ಟಿ ಇರುವುದು ಮೇಲಕ್ಕೆ. ಇಳಕಲ್ ಸೀರೆಯಾದರೆ ಒಡಲಿಗೂ ಸೆರಗಿಗೂ ನೇಕಾರ ಕೊಂಡಿ ಹಾಕಿದ ಜಾಗದಲ್ಲಿ ಕತ್ತರಿಸಿ ಸೆರಗನ್ನು ಬೇರೆ ಎತ್ತಿಡುತ್ತಾರೆ. ಸೆರಗಿನ ರೇಷ್ಮೆ ಜಾರುತ್ತದೆ, ನೂಲಿನ ಜೊತೆ ಹೊಂದುವುದಿಲ್ಲ. ದಡಿಯನ್ನು ಬಿಚ್ಚಿ ಸುತ್ತ ಅಂಚಿಗೆ ಹಚ್ಚುತ್ತಾರೆ. ಜರಿ ಇದ್ದದ್ದು ಬೇಡವೇ ಬೇಡ, ಕೂಸಿನ ಕೆನ್ನೆಗೆ ಚುಚ್ಚೀತು. ಆಮೇಲೆ ಪಡಸಾಲೆಯಲ್ಲಿ ಹಾಸಿ, ನಾಲ್ಕೂ ಕಡೆ ಎಳೆದು ಸುಕ್ಕು ತೆಗೆದು, ಅಲ್ಲಲ್ಲಿ ದೊಡ್ಡ ಹೊಲಿಗೆ ಹಾಕಿ ಪದರಗಳನ್ನು ಹಿಡಿಸಿ, ಸೂಜಿ ಹಿಡಿದು ಕೂರುವುದು. ಉಳಿದದ್ದು ತಾಳ್ಮೆ.

ಮಧ್ಯಾಹ್ನ ಊಟವಾಗಿ ಪಾತ್ರೆ ತೊಳೆದಾದ ಮೇಲೆ, ಚಹಾದ ಹೊತ್ತಿನವರೆಗೆ ಅಕ್ಕೋರ ಪಡಸಾಲೆಗೆ ಓಣಿಯ ಹೆಣ್ಣುಮಕ್ಕಳು ಬಂದು ಸೇರುತ್ತಾರೆ. ಯಾರೂ ಮಾರುವುದಕ್ಕೆ ಹೊಲಿಯುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬರೀ ತೊಟ್ಟಿಲ ಕೌದಿ ಹೊಲಿಯುತ್ತಾರೆ. ಓಣಿಯಲ್ಲಿ ಯಾರ ಮನೆಯ ಹುಡುಗಿ ಬಸುರಿ ಎಂದು ಗೊತ್ತಾದರೂ ಅವರ ಸೂಜಿಗೆ ದಾರ ಏರುತ್ತದೆ. ಅದಕ್ಕೆ ಅಜ್ಜಿಯ ಸೀರೆಯೇ ಆಗಬೇಕು, ಎಷ್ಟು ಹಳತೋ ಅಷ್ಟು ಮೆತ್ತಗೆ. ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುವ ಸೊಸೆಯೊಬ್ಬಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೀಟಿಂಗ್ ಕೇಳುತ್ತಲೇ ಸಾಲು ಎಳೆಯುತ್ತಾಳೆ. ಮಗನನ್ನು ದೂರದ ಕಾಲೇಜಿಗೆ ಕಳಿಸಿದ ತಾಯಿಯೊಬ್ಬರು ಅವನ ಹನ್ನೆರಡು ವರ್ಷದ ಯೂನಿಫಾರ್ಮುಗಳನ್ನು ಮುಂದಿಟ್ಟುಕೊಂಡಿದ್ದಾರೆ. ಟೆರಿಕಾಟಿಗೆ ಸೂಜಿ ಹಾಯದು, ಬೆರಳು ಗಾಯವಾಗುತ್ತದೆ, ಆದರೂ ಬಿಡುತ್ತಿಲ್ಲ. "ಅಂಗಿ ಕಿಸೆ ಹಂಗ ಇಡ್ರಿ, ತೆಗೀಬ್ಯಾಡ್ರಿ. ಮುಂದ ಅವನ ಮಕ್ಕಳು ಕೈ ಹಾಕಿ ನೋಡ್ತಾವ" ಎಂದು ಅಕ್ಕೋರು ಹೇಳಿದ್ದರಿಂದ ಕೌದಿಯ ನಡುವೆ ಸಾಲಾಗಿ ಬಿಳಿ ಕಿಸೆಗಳಿವೆ. ಬಣ್ಣ ಕಡಿಮೆ ಬಿದ್ದರೆ ಟೇಲರ್ ಅಂಗಡಿಯ ಚಿಂದಿಯ ಚೀಲ ಬರುತ್ತದೆ. ಆ ತುಂಡುಗಳಿಗೂ ಪುಸ್ತಕದಲ್ಲಿ ಜಾಗವಿದೆ: 'ಗುರುತಿಲ್ಲ, ಟೇಲರ್.'

ಇದರ ಹಿಂದಿನ ಕಾಲದ ಕಥೆಯನ್ನೂ ಅಕ್ಕೋರಿಂದಲೇ ಕೇಳಬೇಕು. ಅವರು ಹುಡುಗಿಯಾಗಿದ್ದಾಗ ಸುಗ್ಗಿ ಮುಗಿದ ಮೇಲೆ ಗೊಂದಲಿಗರ ಹೆಣ್ಣುಮಕ್ಕಳು ಊರಿಗೆ ಬಂದು, ಕಟ್ಟೆಯ ನೆರಳಲ್ಲಿ ಕೂತು ಮನೆಮನೆಯ ಕೌದಿ ಹೊಲಿದುಕೊಡುತ್ತಿದ್ದರು. ಕೂಲಿ ಸ್ವಲ್ಪ ರೊಕ್ಕ, ಸ್ವಲ್ಪ ಜೋಳ, ಒಂದು ಹಳೆಯ ಸೀರೆ. ಈಗಲೂ ಕೆಲವೆಡೆ ಬರುತ್ತಾರೆ. ಮಹಾನವಮಿಗೆ ಮುಂಚೆ ಊರಿನ ಕೌದಿಗಳೆಲ್ಲ ಚಕ್ಕಡಿ ಏರಿ ಹಳ್ಳಕ್ಕೆ ಹೋಗುತ್ತಿದ್ದವು. ನೀರು ಕುಡಿದ ಕೌದಿ ಒಬ್ಬರಿಗೆ ಎತ್ತಲಾಗದು. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು. ಮಡಚಿ ಒಟ್ಟಿದ ಕೌದಿಗಳ ಎತ್ತರ ನೋಡಿ, ಈ ಮನೆಗೆ ಎಷ್ಟು ಮಂದಿ ಬೀಗರು ಬಂದರೆ ನಡೆದೀತು ಎಂದು ಅಳೆಯುತ್ತಿದ್ದರಂತೆ.

ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಹಳಿಯಾಳ. ಅಲ್ಲಿಂದ ಯಲ್ಲಾಪುರ, ಮುಂಡಗೋಡದವರೆಗಿನ ಕಾಡಂಚಿನ ಊರುಗಳಲ್ಲಿ ಸಿದ್ದಿಯರಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರ ಮಕ್ಕಳುಮರಿಗಳು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರು 'ಕವಂದಿ' ಎನ್ನುವ ತಮ್ಮ ಕೌದಿಯನ್ನು ಹೊಲಿಯುವ ರೀತಿಯೇ ಬೇರೆ. ಒಂದು ಸೀರೆ ಹಾಸಿ, ಮೂಲೆಯೊಂದರಿಂದ ಶುರುಮಾಡಿ, ತುಂಡಿನ ಅಂಚನ್ನು ಒಳಕ್ಕೆ ಮಡಚುತ್ತ, ಅಂಚುಗುಂಟ ಸುತ್ತು ಸುತ್ತಿ ನಡುವಿಗೆ ಬರುತ್ತಾರೆ. ಮೊದಲು ಗೀಚಿಕೊಂಡ ನಕ್ಷೆ ಇರುವುದಿಲ್ಲ. ಕೈಗೆ ಸಿಕ್ಕ ತುಂಡು, ಕಣ್ಣಿಗೆ ಒಪ್ಪಿದ ಬಣ್ಣ. ನಾಲ್ಕೂ ಮೂಲೆಗೆ ಮಡಚಿದ ಮುಕ್ಕೋನದ 'ಫುಲಾ' ಬೇಕು. ಅದಿಲ್ಲದ ಕವಂದಿ ಬತ್ತಲೆ ಇದ್ದಂತೆ ಎನ್ನುತ್ತಾರೆ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರದರಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳುವುದುಂಟು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಸಿದ್ದಿ ಮಹಿಳೆಯರ ಜೊತೆ ಕೆಲಸ ಮಾಡಿ, ಈ ಕವಂದಿಗಳನ್ನು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಕ್ಕಿಡಿಸಿದರು. ನಮ್ಮ ಪಕ್ಕದ ಕಾಡಿನ ಕೈಕೆಲಸವನ್ನು ನಾವು ಎದ್ದು ನೋಡುವ ಮೊದಲೇ ಅದು ಹಾರ್ಲೆಮ್‌ನ ಗೋಡೆ ಏರಿತ್ತು. ಅದಾದ ಮೇಲೆ ಅಲ್ಲಿಯ ಹವ್ಯಾಸಿ ಹೊಲಿಗೆಯವರು 'ಕವಂದಿ' ಎಂಬ ಹೆಸರಿನಲ್ಲೇ ಅದನ್ನು ಕಲಿಯತೊಡಗಿದರು. ಅವರ ರೂಢಿಯ ಕ್ವಿಲ್ಟಿನಲ್ಲಿ ಮೇಲಿನ ಪದರವನ್ನು ಮೊದಲು ಜೋಡಿಸಿ ಮುಗಿಸಬೇಕು, ಆಮೇಲೆ ಹತ್ತಿಯ ಹಾಸು ಮತ್ತು ತಳದ ಬಟ್ಟೆ ಸೇರಿಸಿ ಹೊಲಿಯಬೇಕು, ಕೊನೆಗೆ ಅಂಚುಪಟ್ಟಿ. ಕವಂದಿಯಲ್ಲಿ ಜೋಡಿಸುವುದೂ ಹೊಲಿಯುವುದೂ ಒಂದೇ ಸಲಕ್ಕೆ ಆಗುತ್ತದೆ, ಅಂಚು ಮೊದಲೇ ಮುಗಿದಿರುತ್ತದೆ. ಅಲ್ಲಿಯವಳೊಬ್ಬಳು ಕವಂದಿ ಹೊಲಿಯುವ ವಿಡಿಯೊವನ್ನು ಅಕ್ಕೋರ ಮೊಮ್ಮಗಳು ತೋರಿಸಿದಾಗ ಅವರು ಕನ್ನಡಕ ಸರಿಮಾಡಿಕೊಂಡು ಪೂರ್ತಿ ನೋಡಿದರು. "ಹೊಸಾ ಅರಿವಿ ಕತ್ತರಿಸಿ ತುಂಡು ಮಾಡ್ತಾರಲ್ಲ!" ಎಂದು ಮೊದಲು ಗಾಬರಿ. ಸ್ವಲ್ಪ ಹೊತ್ತಿನ ಮೇಲೆ, "ಕೈ ಛಲೋ ಅದ ಆಕೀದು. ಮನಸಿಟ್ಟು ಹೊಲಿಯಾಕತ್ತಾಳ" ಎಂದರು. ಪುಸ್ತಕದ ಕೊನೆಯ ಪುಟದಲ್ಲಿ ಅಂಚಿನಿಂದ ನಡುವಿಗೆ ಸುತ್ತುವ ಗೆರೆಯ ಒಂದು ಚಿತ್ರ ಈಗ ಸೇರಿದೆ.

ಕೌದಿಗೆ ಇಂದು ಎದುರಾಗಿರುವ ಕಷ್ಟ ಹೊಲಿಯುವ ಕೈಗಳ ಅಭಾವ ಮಾತ್ರವಲ್ಲ. ಕೈಗಳು ಹೇಗೋ ಸಿಕ್ಕಾವು. ಇಲ್ಲವಾಗುತ್ತಿರುವುದು ಹಳೆಯ ನೂಲಿನ ಸೀರೆ. ನಿತ್ಯ ಉಡುವುದು ಈಗ ಪಾಲಿಯೆಸ್ಟರ್ ಅಥವಾ ಚೂಡಿದಾರ, ನೈಟಿ. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ, ಹತ್ತು ವರ್ಷ ಉಟ್ಟರೂ ಮೆತ್ತಗಾಗುವುದಿಲ್ಲ, ಪದರ ಹಾಸಿದರೆ ಒಂದರ ಮೇಲೊಂದು ಜಾರುತ್ತದೆ. ಹೊಲಿದರೂ ಅದು ಕೌದಿಯಾಗುವುದಿಲ್ಲ. ಇನ್ನು ಅಪರೂಪಕ್ಕೆ ಕಪಾಟಿನಲ್ಲಿ ಉಳಿದ ನೂಲಿನ ಸೀರೆಗಳನ್ನು ಬಟ್ಟೆಗೆ ಭಾಂಡೆ ಕೊಡುವವರು ಬಂದಾಗ ಒಂದು ಸ್ಟೀಲ್ ಡಬ್ಬಿಗಾಗಿ ಕೊಟ್ಟುಬಿಡುತ್ತೇವೆ. ತಾಯಿ ಇಪ್ಪತ್ತು ವರ್ಷ ಉಟ್ಟು ಮೆತ್ತಗೆ ಮಾಡಿದ ಬಟ್ಟೆಯನ್ನು ಯಾವ ಗಿರಣಿಯೂ ನೇಯಲಾರದು. ಅದನ್ನು ಹೊರಗೆ ಹಾಕುವ ಮೊದಲು ಒಂದು ಗಳಿಗೆ ಕೈಯಲ್ಲಿ ಹಿಡಿದು ನೋಡಬೇಕೆಂದು ಓದುಗರನ್ನು ಕೇಳಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ.

ಅಕ್ಕೋರ ಒಂದು ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ, ಇನ್ನೊಂದು ಬಾಕಿ. ಸೂಜಿಗೆ ದಾರ ಪೋಣಿಸಲು ಓಣಿಯ ಹುಡುಗರು ಶಾಲೆಗೆ ಹೋಗುವಾಗ ಒಳಗೆ ಬಂದು ಏಳೆಂಟು ಸೂಜಿ ಪೋಣಿಸಿಟ್ಟು ಹೋಗುತ್ತಾರೆ. ಸದ್ಯ ನಡೆದಿರುವುದು ಮೊಮ್ಮಗಳಿಗೊಂದು ಕೌದಿ. ಮೇಲಿನ ತುಂಡುಗಳೆಲ್ಲ ಸಿದ್ಧವಾಗಿವೆ, ಪುಸ್ತಕದ ಮನೆಗಳೂ ತುಂಬಿವೆ. ಒಳಪದರಕ್ಕೆ ಇನ್ನೊಂದು ಸೀರೆ ಬೇಕು, ನೂಲಿನದು, ಚೆನ್ನಾಗಿ ಉಟ್ಟದ್ದು. ಓಣಿಯ ಮನೆಗಳಲ್ಲೆಲ್ಲ ಕೇಳಿಯಾಯಿತಂತೆ. "ನಿಮ್ಮನ್ಯಾಗ ನಿಮ್ಮವ್ವನ್ದು ಯಾವುದಾರ ಇದ್ದರ ಕಳಸ್ರಿ. ಹೆಸರು ಬರಕೋತೀನಿ."