ಚಿಕ್ಕ ಲ್ಯಾಪ್‌ಟಾಪ್: ಅಗ್ಗವೇ, ಲಾಭವೇ?

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದ ಬಳಿಕ ಗಜೇಂದ್ರಗಡದ ಸೀರೆ ವ್ಯಾಪಾರಿ, ನರಗುಂದದ ಹತ್ತಿ ವರ್ತಕ, ರೋಣದ ಗೊಬ್ಬರದಂಗಡಿಯ ಮಾಲೀಕ ಎಲ್ಲರಿಗೂ ಕಂಪ್ಯೂಟರಿನ ಗೊಡವೆ ತಪ್ಪಲಿಲ್ಲ. ಇಂತಹ ವ್ಯಾಪಾರಸ್ಥರ ಕಣ್ಣು ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳತ್ತ ಹೊರಳುವುದು ಸಹಜವೇ.

ಈ ಬಗೆಯ ಯಂತ್ರ ಹೊಸದೇನಲ್ಲ. 2007ರಲ್ಲಿ ಏಸಸ್ ಸಂಸ್ಥೆ 7 ಅಂಗುಲ ಪರದೆಯ, ಒಂದು ಕಿಲೋಗಿಂತ ಹಗುರವಾದ 'ಈ ಪಿಸಿ'ಯನ್ನು ಹೊರತಂದಿತು. 'ನೆಟ್‌ಬುಕ್' ಎಂಬ ಹೆಸರು ಮನೆಮಾತಾಯಿತು. ಟ್ಯಾಬ್ಲೆಟ್‌ಗಳು ಬಂದ ಮೇಲೆ ಆ ಭರಾಟೆ ಇಳಿಯಿತಾದರೂ ಕಲ್ಪನೆ ಅಳಿಯಲಿಲ್ಲ. 2023ರಲ್ಲಿ ಜಿಯೋಬುಕ್ ರೂ. 16,499ಕ್ಕೆ ಮಾರುಕಟ್ಟೆಗೆ ಬಂದಿತು: 11.6 ಅಂಗುಲದ ಪರದೆ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ.

ಅನುಕೂಲಗಳು ಕಡಿಮೆಯೇನಲ್ಲ. ವಿದ್ಯುತ್ ಕೈಕೊಟ್ಟಾಗ ಯುಪಿಎಸ್ ಇಲ್ಲದೆಯೂ ಕೆಲಸ ಸಾಗುತ್ತದೆ. ಹಲವು ಮಾದರಿಗಳಲ್ಲಿ ಫ್ಯಾನ್ ಇರುವುದಿಲ್ಲ. ಅರಳೆಯ ಧೂಳು ಹಾರುವ ಜಿನ್ನಿಂಗ್ ಕಾರ್ಖಾನೆಯಲ್ಲಿ ಇದೊಂದು ದೊಡ್ಡ ಗುಣವೆಂದೇ ಹೇಳಬೇಕು. ಇ-ವೇ ಬಿಲ್ ತೆಗೆಯುವುದು, ಬ್ಯಾಂಕ್ ಖಾತೆ ನೋಡುವುದು, ಪತ್ರ ಬರೆಯುವುದು ಇವುಗಳಿಗೆ ಇಷ್ಟು ಶಕ್ತಿ ಸಾಕು.

ತೊಡಕು ಆರಂಭವಾಗುವುದು ಲೆಕ್ಕಪತ್ರದಲ್ಲಿ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ಅದಕ್ಕೆ ವಿಂಡೋಸ್ ಬೇಕು. ಜಿಯೋಬುಕ್ ಅಥವಾ ಕ್ರೋಮ್‌ಬುಕ್ಕಿನಲ್ಲಿ ಅದನ್ನು ನೇರವಾಗಿ ಹಾಕಲಾಗದು. ವಿಂಡೋಸ್ ಇರುವ ಅಗ್ಗದ ಯಂತ್ರಗಳಲ್ಲಿಯೂ 64 ಜಿಬಿ ಸಂಗ್ರಹದ ಬಹುಭಾಗವನ್ನು ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ನುಂಗುತ್ತವೆ. ರ‍್ಯಾಮ್ ಬೋರ್ಡಿಗೇ ಬೆಸೆದಿದ್ದರೆ ಮುಂದೆ ಹೆಚ್ಚಿಸುವ ದಾರಿಯಿಲ್ಲ. ಕೀಲಿಮಣೆಯ ಬಲಬದಿಯ ಅಂಕಿ ಕೀಲಿಗಳು ಇರುವುದಿಲ್ಲ. ದಿನಕ್ಕೆ ನೂರಾರು ಬಿಲ್ ನಮೂದಿಸುವ ಗುಮಾಸ್ತನಿಗೆ ಇದರ ಕಷ್ಟ ಮೊದಲ ದಿನವೇ ತಿಳಿಯುತ್ತದೆ. ಬೇರೆ ಕೀಲಿಮಣೆ ಜೋಡಿಸಿದರಾಯಿತು, ಆದರೆ ಅದರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೂ ಪ್ರತ್ಯೇಕ ಕೇಬಲ್ ಬೇಕಾಗಬಹುದು.

ಆದುದರಿಂದ ಅಂಗಡಿಯ ಏಕೈಕ ಕಂಪ್ಯೂಟರಾಗಿ ಇದನ್ನು ಕೊಳ್ಳುವುದು ಜಾಣತನವಲ್ಲ. ಟ್ಯಾಲಿ ನಡೆಸುವವರು ಅದೇ ಹಣಕ್ಕೆ ದೊರೆಯುವ, 8 ಜಿಬಿ ರ‍್ಯಾಮ್ ಇರುವ ಬಳಸಿದ ಲ್ಯಾಪ್‌ಟಾಪನ್ನು ನೋಡುವುದು ಲೇಸು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಇಂಟೆಲ್ ಯಂತ್ರವಾದರೆ ಎಂಟನೆಯ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್ ಇದೆಯೇ ಎಂದು ವಿಚಾರಿಸಬೇಕು.

ಯಾವುದನ್ನೇ ಕೊಂಡರೂ ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆಯನ್ನು ಬರೆಸಿಕೊಳ್ಳಬೇಕು. ಹೊಸ ಲ್ಯಾಪ್‌ಟಾಪಿನ ಮೇಲಿನ ಶೇ. 18ರ ತೆರಿಗೆಯನ್ನು, ವ್ಯವಹಾರಕ್ಕೆ ಬಳಸುವ ಅರ್ಹ ವರ್ತಕರು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಬಹುದು. ಕಾಂಪೋಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.