ಪರಮಾಣು ವಿದ್ಯುದಾಗಾರಗಳ ವಿಸರ್ಜನೆ

ಕಾವೇರಿಯು ಶಿವನಸಮುದ್ರದಲ್ಲಿ ಎರಡು ಕವಲಾಗಿ ಒಡೆದು, ಪಡುವಣ ಕವಲು ಗಗನಚುಕ್ಕಿಯಾಗಿಯೂ ಮೂಡಣ ಕವಲು ಭರಚುಕ್ಕಿಯಾಗಿಯೂ ಧುಮುಕುವುದು. ಭರಚುಕ್ಕಿಯು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದುದು. 1902ರಲ್ಲಿ ಯಳಂದೂರು ಮೈಸೂರು ಸಂಸ್ಥಾನದಲ್ಲಿಯೂ, ಹನೂರನ್ನೊಳಗೊಂಡ ಕೊಳ್ಳೇಗಾಲವು ಮದರಾಸು ಪ್ರಾಂತದಲ್ಲಿಯೂ ಇದ್ದುವು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ ಕೈಗೊಂಡ ಶಿವನಸಮುದ್ರದ ವಿದ್ಯುದಾಗಾರದಿಂದ ಆ ವರ್ಷದ ಜೂನ್ ತಿಂಗಳಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು.

ಆ ಗಣಿಗಳು 2001ರಲ್ಲಿ ಮುಚ್ಚಿಹೋದುವು. ವಿದ್ಯುದಾಗಾರವು ಅವುಗಳಿಗಿಂತ ಹೆಚ್ಚು ಕಾಲ ಬಾಳಿತು. ಮೊದಲಿನ ಸಣ್ಣ ಯಂತ್ರಗಳ ಸ್ಥಾನಕ್ಕೆ ದೊಡ್ಡವು ಬಂದುವು. ಜಲವಿದ್ಯುತ್ತಿನ ಯಂತ್ರವು ಮುಪ್ಪಾದಾಗ ತೂಬನ್ನು ಇಳಿಸಿ, ನೀರನ್ನು ತಡೆದು, ಚಕ್ರವನ್ನು ಕಳಚಬಹುದು. ಕಳಚಿದ ಕಬ್ಬಿಣವನ್ನು ಮುಟ್ಟಲು ಯಾರೂ ಅಂಜಬೇಕಾದುದಿಲ್ಲ. ಪರಮಾಣು ವಿದ್ಯುದಾಗಾರದ ಮುಪ್ಪು ಇಂತಹುದಲ್ಲ.

ಅಲ್ಲಿ ಸ್ಥಾವರವನ್ನು ನಿಲ್ಲಿಸುವುದು ಕೆಲಸದ ಕೊನೆಯಲ್ಲ, ಆರಂಭ. ಮೊದಲು ಉರಿದ ಇಂಧನವನ್ನು ಹೊರತೆಗೆದು ನೀರಿನ ಕೊಳದಲ್ಲಿ ವರ್ಷಗಟ್ಟಲೆ ತಣಿಸಬೇಕು. ಇದರಿಂದ ಸ್ಥಾವರದೊಳಗಿನ ವಿಕಿರಣದ ಬಹುಪಾಲು ನೀಗುವುದು. ಉಳಿದುದು ಗೋಡೆಗಳಲ್ಲಿಯೂ ಉಕ್ಕಿನಲ್ಲಿಯೂ ಸೇರಿಕೊಂಡಿರುವುದು. ಉಕ್ಕಿನೊಳಗೆ ಹುಟ್ಟುವ ಕೋಬಾಲ್ಟ್ 60 ಎಂಬ ಧಾತುಭೇದವು ಸುಮಾರು 5.27 ವರ್ಷಕ್ಕೊಮ್ಮೆ ಅರ್ಧದಷ್ಟಾಗುವುದು. ಹೀಗೆ ಹತ್ತು ಸಲ ಅರ್ಧವಾದರೆ, ಎಂದರೆ ಸುಮಾರು 53 ವರ್ಷಗಳಲ್ಲಿ, ಸಾವಿರದಲ್ಲೊಂದು ಪಾಲು ಮಾತ್ರ ಉಳಿಯುವುದು. ಕಾಯುವುದೇ ಒಂದು ಉಪಾಯವಾದುದು ಇದರಿಂದಲೇ.

ಆದುದರಿಂದ ಮೂರು ಮಾರ್ಗಗಳು ರೂಢಿಗೆ ಬಂದಿವೆ. ಮೊದಲನೆಯದು ತಡಮಾಡದೆ ಬಿಚ್ಚುವುದು: ಅಮೆರಿಕದ ಶಿಪ್ಪಿಂಗ್‌ಪೋರ್ಟ್ ಸ್ಥಾವರವು 1982ರಲ್ಲಿ ನಿಂತಿತು, 1989ರ ಹೊತ್ತಿಗೆ ಬಿಚ್ಚುವ ಕೆಲಸ ಮುಗಿಯಿತು. ಎರಡನೆಯದು ಭದ್ರವಾಗಿ ಮುಚ್ಚಿಟ್ಟು ದಶಕಗಟ್ಟಲೆ ಕಾಯುವುದು: 2002ರಲ್ಲಿ ನಿಂತ ಬ್ರಿಟನ್ನಿನ ಬ್ರಾಡ್‌ವೆಲ್ ಇದಕ್ಕೆ ನಿದರ್ಶನ. ಮೂರನೆಯದು ಇದ್ದಲ್ಲಿಯೇ ಹೂಳುವುದು. ಇದು ಅಪಘಾತಕ್ಕೆ ಸಿಕ್ಕಿದ ಸ್ಥಾವರಗಳಿಗೆ ಒಪ್ಪಬಹುದೇ ಹೊರತು, ಯೋಜಿತವಾಗಿ ಮುಚ್ಚುವವುಗಳಿಗೆ ಉಚಿತವೆಂದು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಎಣಿಸುವುದಿಲ್ಲ. ಲೋಕದಲ್ಲಿ ಶಾಶ್ವತವಾಗಿ ನಿಂತ ಸ್ಥಾವರಗಳು ಇನ್ನೂರಕ್ಕೂ ಮಿಗಿಲಾಗಿವೆ. ಪೂರ್ತಿಯಾಗಿ ಬಿಚ್ಚಿ ನೆಲವನ್ನು ಶುದ್ಧಗೊಳಿಸಿದವುಗಳು ಅವುಗಳಲ್ಲಿ ಸ್ವಲ್ಪವೇ.

ಕನ್ನಡ ನಾಡಿಗೂ ಇದು ದೂರದ ಸಂಗತಿಯಲ್ಲ. ಕಾಳಿ ನದಿಯ ದಡದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲಿನ ಎರಡು 2000ದಲ್ಲಿಯೂ, ನಾಲ್ಕನೆಯದು 2011ರಲ್ಲಿಯೂ ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದುವು. ಅವುಗಳಲ್ಲಿ ಒಂದು 2018ರಲ್ಲಿ 962 ದಿನಗಳ ನಿರಂತರ ಉತ್ಪಾದನೆಯಿಂದ ಲೋಕದಲ್ಲಿ ಹೆಸರಾಯಿತು. ಆದರೆ ದೀರ್ಘವಾಗಿ ದುಡಿದುದಕ್ಕೂ ಅಂತ್ಯವುಂಟು. ಈ ವೆಚ್ಚಕ್ಕಾಗಿ ಭಾರತದಲ್ಲಿ ಪರಮಾಣು ವಿದ್ಯುತ್ತಿನ ಯೂನಿಟ್ಟಿಗೆ 2 ಪೈಸೆಯಂತೆ ಬೆಲೆಯಲ್ಲಿಯೇ ಸೇರಿಸಿ ಪಡೆಯುವ ಕ್ರಮವು ಏರ್ಪಟ್ಟಿತು. ದೀಪ ಉರಿಸಿದವನೇ ಅದರ ಕೊನೆಯ ವೆಚ್ಚವನ್ನೂ ಕೊಡಬೇಕೆಂಬ ನ್ಯಾಯವು ಇದರಲ್ಲಿ ಅಡಗಿದೆ.

ಇನ್ನು ಈ ಕಾರ್ಯಕ್ಕೆ ಕನ್ನಡದಲ್ಲಿ ಯಾವ ಹೆಸರು ಸಲ್ಲುವುದು? ‘ಮುಚ್ಚುವುದು’ ಎಂದರೆ ಮೊದಲ ದಿನದ ಕೆಲಸ ಮಾತ್ರ ತೋರುವುದು. ‘ಕೆಡವುವುದು’ ಎಂದರೆ ಕಾಯುವ ಕಾಲವು ಬಿಟ್ಟುಹೋಗುವುದು. ‘ನಿವೃತ್ತಿ’ ಎಂದರೆ ಹೊಣೆ ಇಳಿದಂತೆ ಕೇಳುವುದು. ‘ವಿಸರ್ಜನೆ’ ಎಂಬುದರಲ್ಲಿ ಆವಾಹನೆ ಮಾಡಿದುದನ್ನು ಮಾಡಿದವರೇ ವಿಧಿಪೂರ್ವಕವಾಗಿ ಕಳುಹಬೇಕೆಂಬ ಧ್ವನಿಯಿರುವುದರಿಂದ ಅದು ಉಳಿದವುಗಳಿಗಿಂತ ಮೇಲು. ಆದರೆ ಪೂಜೆಯ ಮೂರ್ತಿಯಂತೆ ಇದನ್ನು ನೀರಿಗೆ ಬಿಟ್ಟು ಮನೆಗೆ ಮರಳುವಂತಿಲ್ಲ. ಉಳಿದ ಬೂದಿಯನ್ನು ಮೊಮ್ಮಕ್ಕಳೂ ಕಾಯಬೇಕು. ಪಾಠದಲ್ಲಿ ಈ ಪದವನ್ನು ವಿವರಿಸುವ ಉಪಾಧ್ಯಾಯರು ಆ ವ್ಯತ್ಯಾಸವನ್ನೂ ಹೇಳಿದಲ್ಲಿ ಅದರ ಅರ್ಥವು ಪೂರ್ಣವಾಗುವುದು.